ತೆರೆಯದ ಗೇಮ್ ಎಂಜಿನ್ ಬಗ್ಗೆ ಮೇಘನಾಳಿಗೆ ಬರೆದ ಪತ್ರ

ಬಸವನಗುಡಿ, ಬೆಂಗಳೂರು

ಚಿ. ಮೇಘನಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಆಟಗಳನ್ನು ತಯಾರಿಸಲು ನೀನು ಬಳಸುವ ಯೂನಿಟಿ ಎಂಬ ತಂತ್ರಾಂಶದ (ಗೇಮ್ ಎಂಜಿನ್ನಿನ) ಗುರುತು ಪರದೆಯ ಮೇಲೆ ಕಾಣಿಸಿಕೊಂಡು ಅರ್ಧದಲ್ಲೇ ಮುಚ್ಚಿಹೋಗುತ್ತದೆ, ತೆಗೆದು ಮತ್ತೆ ಹಾಕಿದರೂ ಹಾಗೆಯೇ ಇದೆ, ಆದ್ದರಿಂದ ಶನಿವಾರ ಎಸ್.ಪಿ. ರಸ್ತೆಯ ಅಂಗಡಿಗೆ ಹೋಗಿ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸಿಬಿಡುತ್ತೇನೆ ಎಂದು ನೀನು ಬರೆದಿರುವುದನ್ನು ಓದಿದೆ. ದಯವಿಟ್ಟು ಹಾಗೆ ಮಾಡಬೇಡ. ಇತರರು ಬರೆದ ತಂತ್ರಾಂಶದಲ್ಲಿ ದೋಷ ಹುಡುಕುವ ಕೆಲಸದಲ್ಲೇ ನನ್ನ ಉದ್ಯೋಗದ ಬಹುಕಾಲ ಕಳೆದದ್ದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ತೆರೆಯಲಾಗದೆ ಮುಚ್ಚಿಹೋಗುವ ತಂತ್ರಾಂಶವು ತಾನು ಎಲ್ಲಿಯವರೆಗೆ ಬಂದೆ, ಯಾವ ಹಂತದಲ್ಲಿ ನಿಂತೆ ಎಂಬುದನ್ನು ಬಹುಮಟ್ಟಿಗೆ ಬರೆದಿಟ್ಟೇ ಹೋಗುತ್ತದೆ. ಆ ಬರಹವನ್ನು ಓದುವ ಮೊದಲು ಯಾವುದನ್ನೂ ಅಳಿಸಬಾರದು.

ವಿಂಡೋಸ್‌ನಲ್ಲಿ ಯೂನಿಟಿಯ ಆ ಬರಹವು ನಿನ್ನ ಬಳಕೆದಾರ ಫೋಲ್ಡರಿನೊಳಗಿನ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಯೂನಿಟಿ, ಎಡಿಟರ್ ಎಂಬ ಫೋಲ್ಡರುಗಳನ್ನು ದಾಟಿದರೆ ಎಡಿಟರ್ ಲಾಗ್ ಎಂಬ ಕಡತದಲ್ಲಿ ಸಿಗುತ್ತದೆ. ಆ್ಯಪ್‌ಡೇಟಾ ಸಾಮಾನ್ಯವಾಗಿ ಮರೆಮಾಡಿದ ಫೋಲ್ಡರ್ ಆಗಿರುವುದರಿಂದ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಮೊದಲು ಒತ್ತಬೇಕಾದೀತು. ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಯೂನಿಟಿಯನ್ನು ಪ್ರತಿ ಸಲ ತೆರೆದಾಗಲೂ ಹೊಸ ಲಾಗ್ ಆರಂಭವಾಗುತ್ತದೆ. ಹಿಂದಿನದು ಎಡಿಟರ್ ಪ್ರಿವ್ ಎಂಬ ಹೆಸರಿಗೆ ಸರಿಯುತ್ತದೆ. ಅದಕ್ಕೂ ಹಿಂದಿನದು ಉಳಿಯುವುದಿಲ್ಲ. ಸಿಟ್ಟಿನಲ್ಲಿ ಮೇಲಿಂದ ಮೇಲೆ ಐಕಾನ್ ಒತ್ತುತ್ತಾ ಹೋದರೆ ಮೊದಲನೆಯ ಬಾರಿ ನಿಜವಾಗಿ ಏನಾಯಿತು ಎಂಬ ಸಾಕ್ಷ್ಯವನ್ನು ನಾವೇ ಕಳೆದುಕೊಳ್ಳುತ್ತೇವೆ. ಆದ್ದರಿಂದ ಒಮ್ಮೆ ವಿಫಲವಾದ ಕೂಡಲೇ ಆ ಕಡತವನ್ನು ಬೇರೆಡೆ ನಕಲು ಮಾಡಿಟ್ಟುಕೊಂಡು, ಆಮೇಲೆ ಮುಂದಿನ ಪ್ರಯತ್ನಕ್ಕೆ ಕೈಹಾಕು. ನಿನ್ನ ಗೆಳತಿ ಬಳಸುವ ಅನ್‌ರಿಯಲ್ ಎಂಬ ಇನ್ನೊಂದು ಎಂಜಿನ್ನಿನಲ್ಲಿ ಪ್ರಾಜೆಕ್ಟಿನ ಒಳಗೇ ಸೇವ್ಡ್ ಎಂಬ ಫೋಲ್ಡರಿನಲ್ಲಿ ಲಾಗ್ಸ್ ಇರುತ್ತವೆ. ಗೋಡೋ ಎಂಬ ಮತ್ತೊಂದು ಎಂಜಿನ್ನನ್ನು ಟರ್ಮಿನಲ್‌ನಿಂದ, ಅಂದರೆ ಸೂಚನೆಗಳನ್ನು ಟೈಪ್ ಮಾಡುವ ಕಿಟಕಿಯಿಂದ, ವರ್ಬೋಸ್ ಎಂಬ ಸೂಚನೆಯೊಂದಿಗೆ ಆರಂಭಿಸಿದರೆ ಅದು ತನ್ನ ಹೆಜ್ಜೆಗಳನ್ನು ಅಲ್ಲಿಯೇ ಮುದ್ರಿಸುತ್ತಾ ಹೋಗುತ್ತದೆ.

ಸಾವಿರಾರು ಸಾಲುಗಳ ಆ ಲಾಗನ್ನು ಕಂಡು ಗಾಬರಿಯಾಗಬೇಡ, ಏಕೆಂದರೆ ಅದರಲ್ಲಿ ನಿನಗೆ ಬೇಕಾದದ್ದು ಕೆಲವೇ ಸಾಲುಗಳು. ಕೊನೆಯಿಂದ ಮೇಲಕ್ಕೆ ಓದುತ್ತಾ ಬಾ. ಎಡಿಟರ್, ಅಂದರೆ ನೀನು ಆಟ ಕಟ್ಟುವ ಯೂನಿಟಿಯ ಮುಖ್ಯ ಕಿಟಕಿ, ಕುಸಿದುಬಿದ್ದಿದ್ದರೆ ಕ್ರ್ಯಾಶ್ ಎಂಬ ಪದವು ಆಶ್ಚರ್ಯಸೂಚಕ ಚಿಹ್ನೆಗಳೊಂದಿಗೆ ಕಾಣಿಸುತ್ತದೆ, ಅದರ ಕೆಳಗೆ ಸ್ಟ್ಯಾಕ್ ಟ್ರೇಸ್, ಅಂದರೆ ಕುಸಿಯುವ ಹೊತ್ತಿಗೆ ಒಂದನ್ನೊಂದು ಕರೆಯುತ್ತಿದ್ದ ಆಜ್ಞೆಗಳ ಪಟ್ಟಿ, ಇರುತ್ತದೆ. ಅಲ್ಲಿಗೇ ನಿಲ್ಲಿಸದೆ ಇನ್ನೂ ಮೇಲಕ್ಕೆ ಹೋಗಿ, ಎರರ್ ಅಥವಾ ಎಕ್ಸೆಪ್ಷನ್ ಎಂಬ ಪದ ಮೊದಲು ಬಂದಿರುವ ಜಾಗವನ್ನು ಗುರುತಿಸು. ಒಂದು ಪ್ಯಾಕೇಜ್ (ಎಂಜಿನ್ನಿಗೆ ಸೇರಿಸಿಕೊಂಡ ಹೆಚ್ಚುವರಿ ಭಾಗ) ಓದಲಾಗಲಿಲ್ಲ ಎಂಬ ಮೊದಲ ದೂರಿನಿಂದಲೇ ನಂತರದ ನೂರು ದೂರುಗಳು ಹುಟ್ಟಿರಬಹುದು; ಮೊದಲನೆಯದನ್ನು ಸರಿಪಡಿಸಿದರೆ ಉಳಿದವು ತಾವಾಗಿಯೇ ಮಾಯವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದರ ಜೊತೆಗೆ, ದೋಷ ಯಾರದು ಎಂಬುದನ್ನು ಬೇರ್ಪಡಿಸಿಕೋ. ಅದು ಎಂಜಿನ್ನಿನದಾಗಿರಬಹುದು, ನಿನ್ನ ಪ್ರಾಜೆಕ್ಟಿನದಾಗಿರಬಹುದು ಅಥವಾ ಯಂತ್ರದ್ದಾಗಿರಬಹುದು. ಪ್ರಾಜೆಕ್ಟುಗಳನ್ನೂ ಆವೃತ್ತಿಗಳನ್ನೂ ನಿರ್ವಹಿಸುವ ಯೂನಿಟಿ ಹಬ್‌ನಲ್ಲಿ ಏನೂ ಇಲ್ಲದ ಹೊಸ ಪ್ರಾಜೆಕ್ಟೊಂದನ್ನು ತೆರೆದು ನೋಡು. ಅದು ತೆರೆದುಕೊಂಡರೆ ಎಂಜಿನ್ ಮತ್ತು ಲ್ಯಾಪ್‌ಟಾಪ್ ಎರಡೂ ಬಹುಮಟ್ಟಿಗೆ ಚೆನ್ನಾಗಿವೆ, ನಿನ್ನ ಪ್ರಾಜೆಕ್ಟಿನಲ್ಲೇ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. ಐದೇ ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಜನ ಇಡೀ ರಾತ್ರಿ ಎಂಜಿನ್ನನ್ನು ಡೌನ್‌ಲೋಡ್ ಮಾಡುತ್ತಾ ಕೂರುತ್ತಾರೆಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಪ್ರಾಜೆಕ್ಟಿನದೇ ದೋಷವಾಗಿದ್ದರೆ ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡು. ನಂತರ ಯೂನಿಟಿ ಮುಚ್ಚಿರುವಾಗ ಲೈಬ್ರರಿ ಎಂಬ ಫೋಲ್ಡರಿನ ಹೆಸರನ್ನು ಬದಲಿಸಿ ಮತ್ತೆ ತೆರೆ. ಲೈಬ್ರರಿಯಲ್ಲಿರುವುದು ಯೂನಿಟಿ ತಾನೇ ತಯಾರಿಸಿಕೊಂಡ ಸಂಗ್ರಹ. ಅದಿಲ್ಲದಿದ್ದರೆ ನಿನ್ನ ಚಿತ್ರ, ಸ್ಕ್ರಿಪ್ಟು, ದೃಶ್ಯಗಳಿರುವ ಅಸೆಟ್ಸ್ ಫೋಲ್ಡರಿನಿಂದ ಪುನಃ ತಯಾರಿಸಿಕೊಳ್ಳುತ್ತದೆ. ಮೊದಲ ಸಲ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ, ನಡುವೆ ಅಸಹನೆಯಿಂದ ಮುಚ್ಚಬೇಡ. ಆದರೆ ಅಸೆಟ್ಸ್, ಪ್ಯಾಕೇಜಸ್, ಪ್ರಾಜೆಕ್ಟ್ ಸೆಟ್ಟಿಂಗ್ಸ್ ಈ ಮೂರನ್ನು ಎಂದಿಗೂ ಮುಟ್ಟಬೇಡ, ಏಕೆಂದರೆ ನಿನ್ನ ಶ್ರಮವೆಲ್ಲ ಇರುವುದು ಅಲ್ಲಿಯೇ. ಅಸೆಟ್ಸ್‌ನಲ್ಲಿ ಪ್ರತಿ ಕಡತದ ಪಕ್ಕದಲ್ಲಿರುವ ಮೆಟಾ ಕಡತಗಳು ಕಸದಂತೆ ಕಂಡರೂ ನಿನ್ನ ದೃಶ್ಯಗಳು ಚಿತ್ರಗಳನ್ನೂ ಸ್ಕ್ರಿಪ್ಟುಗಳನ್ನೂ ಗುರುತಿಸುವುದು ಅವುಗಳ ಮೂಲಕವೇ. ಅಳಿಸಿದರೆ ಆ ಸಂಬಂಧಗಳೆಲ್ಲ ಕಡಿದುಹೋಗುತ್ತವೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನೊಳಗಿನ ಪ್ರಾಜೆಕ್ಟ್ ವರ್ಷನ್ ಎಂಬ ಸಣ್ಣ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಯಾವ ಆವೃತ್ತಿಯಲ್ಲಿ ಆ ಪ್ರಾಜೆಕ್ಟನ್ನು ಕೊನೆಯದಾಗಿ ಉಳಿಸಲಾಗಿತ್ತು ಎಂಬುದು ತಿಳಿಯುತ್ತದೆ. ತಂಡದ ಒಬ್ಬರು ಹೊಸ ಆವೃತ್ತಿಗೆ ಏರಿಸಿ, ಉಳಿದವರು ಹಳೆಯದರಲ್ಲೇ ತೆರೆಯಲು ಹೋದರೆ ತೊಂದರೆ ಖಚಿತ. ಕಾಲೇಜಿನ ಪ್ರಾಜೆಕ್ಟ್ ಒಪ್ಪಿಸುವ ತಿಂಗಳಿನಲ್ಲಿ ಯಾರೂ ಆವೃತ್ತಿ ಬದಲಿಸಕೂಡದೆಂದು ನಿನ್ನ ತಂಡದಲ್ಲಿ ಈಗಲೇ ಒಪ್ಪಂದ ಮಾಡಿಕೋ. ಬರಿಯ ಸ್ಕ್ರಿಪ್ಟಿನ ತಪ್ಪಾಗಿದ್ದರೆ 2020.2 ಆವೃತ್ತಿಯ ಮತ್ತು ಅದರ ನಂತರದ ಯೂನಿಟಿ ತಾನೇ ಸೇಫ್ ಮೋಡ್‌ಗೆ (ತಪ್ಪು ತಿದ್ದಲೆಂದೇ ಇರುವ ಸರಳ ಸ್ಥಿತಿಗೆ) ಬರುತ್ತೀಯಾ ಎಂದು ಕೇಳುತ್ತದೆ. ಒಪ್ಪಿಕೊಂಡು ಒಳಗೆ ಹೋಗಿ ಆ ತಪ್ಪನ್ನು ತಿದ್ದು. ತಂಡದವರು ಕಡತಗಳ ಬದಲಾವಣೆಗಳನ್ನು ಹಂಚಿಕೊಳ್ಳಲು ಬಳಸುವ ಗಿಟ್‌ನಿಂದ ಇಳಿಸಿಕೊಂಡ ಪ್ರಾಜೆಕ್ಟಿನಲ್ಲಿ ಚಿತ್ರಗಳೂ ಮಾದರಿಗಳೂ ಒಂದೆರಡು ನೂರು ಬೈಟುಗಳಷ್ಟೇ ಇದ್ದರೆ ದೊಡ್ಡ ಕಡತಗಳನ್ನು ಬೇರೆಡೆ ಇಡುವ ಗಿಟ್ ಎಲ್‌ಎಫ್‌ಎಸ್ ಅವುಗಳ ವಿಳಾಸಚೀಟಿಯನ್ನಷ್ಟೇ ತಂದಿದೆ, ನಿಜವಾದ ಕಡತಗಳನ್ನು ತಂದಿಲ್ಲ ಎಂದು ತಿಳಿ.

ಖಾಲಿ ಪ್ರಾಜೆಕ್ಟೂ ತೆರೆಯದಿದ್ದರೆ ಯಂತ್ರದ ಕಡೆಗೆ ತಿರುಗು. ಲಾಗ್ ಹುಟ್ಟುವ ಮೊದಲೇ ಎಡಿಟರ್ ಕುಸಿಯುತ್ತಿದ್ದರೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ದಾಖಲೆಗಳಲ್ಲಿ ಫಾಲ್ಟಿಂಗ್ ಮಾಡ್ಯೂಲ್ ಎಂಬ ಸಾಲನ್ನು ಹುಡುಕು. ಅಲ್ಲಿನ ಹೆಸರು ಎನ್‌ವಿ ಎಂದು ಆರಂಭವಾದರೆ ಎನ್‌ವಿಡಿಯಾ ಡ್ರೈವರಿನ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶದ) ಮೇಲೂ, ಎಟಿಐ ಅಥವಾ ಎಎಂಡಿ ಎಂದಿದ್ದರೆ ಎಎಂಡಿ ಡ್ರೈವರಿನ ಮೇಲೂ ಸಂದೇಹಪಡಬಹುದು. ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಅಥವಾ ಚಿಪ್ ತಯಾರಕರ ತಾಣದಿಂದಷ್ಟೇ ಇಳಿಸಿಕೋ. ನಿನ್ನದರಂತೆ ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಲ್ಯಾಪ್‌ಟಾಪಿನಲ್ಲಿ ಎಡಿಟರ್ ಯಾವುದನ್ನು ಬಳಸಬೇಕೆಂಬುದನ್ನು ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಪುಟದಲ್ಲಿ ನಿಗದಿಪಡಿಸಬಹುದು. 2023ರ ಮಾರ್ಚ್‌ನಲ್ಲಿ ಬಂದ ಗೋಡೋ 4 ತನ್ನ ಮುಖ್ಯ ರೆಂಡರರ್‌ಗಳಿಗೆ (ಪರದೆಯ ಮೇಲೆ ಚಿತ್ರ ಬಿಡಿಸುವ ಭಾಗಗಳಿಗೆ) ಗ್ರಾಫಿಕ್ಸ್ ಚಿಪ್ಪಿನೊಡನೆ ಮಾತಾಡುವ ವಲ್ಕನ್ ಎಂಬ ಹೊಸ ವಿಧಾನವನ್ನು ಬಯಸಿದ್ದರಿಂದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದು ತೆರೆಯದೆ ಇರುವುದುಂಟು. ಅಂಥವರಿಗೆ ಓಪನ್‌ಜಿಎಲ್ ಎಂಬ ಹಳೆಯ ವಿಧಾನದ ಆಧಾರಿತ ಕಂಪ್ಯಾಟಿಬಿಲಿಟಿ ರೆಂಡರರ್ ಇದೆ. ಎಂಎಸ್‌ವಿಸಿಪಿ140 ಎಂಬ ಡಿಎಲ್‌ಎಲ್ (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕಡತ) ಸಿಗಲಿಲ್ಲ ಎಂಬ ಸಂದೇಶ ಬಂದರೆ ಆ ಒಂದೇ ಕಡತವನ್ನು ಸಿಕ್ಕ ಸಿಕ್ಕ ತಾಣದಿಂದ ತರಬೇಡ, ಮೈಕ್ರೋಸಾಫ್ಟ್‌ನ ಅಂಥ ಕಡತಗಳನ್ನೆಲ್ಲ ಒಟ್ಟಿಗೆ ಕೊಡುವ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿಕೋ. ಲೈಸೆನ್ಸ್ ಸಿಗಲಿಲ್ಲವೆಂದರೆ ಹಬ್‌ನಲ್ಲಿ ಮತ್ತೆ ಲಾಗಿನ್ ಆಗು, ಗಡಿಯಾರದ ದಿನಾಂಕವನ್ನೂ ನೋಡು; ದಿನಾಂಕ ತಪ್ಪಾಗಿದ್ದರೆ ಸುರಕ್ಷಿತ ಸಂಪರ್ಕವೇ ಏರ್ಪಡದು. ಸಿ ಡ್ರೈವ್ ತುಂಬಿದೆಯೇ ಎಂಬುದನ್ನೂ ಗಮನಿಸು.

ನಿನ್ನ ಪ್ರಾಜೆಕ್ಟ್ ಡೆಸ್ಕ್‌ಟಾಪಿನ ಮೇಲೆ ಕನ್ನಡದ ಹೆಸರಿನ ಫೋಲ್ಡರಿನಲ್ಲಿದೆ ಎಂದು ಬರೆದಿದ್ದೀಯೆ. ಆ ಅಭಿಮಾನ ನನಗೆ ಸಂತೋಷ ತಂದಿತು, ಇಂದಿನ ವಿಂಡೋಸ್‌ಗೂ ಕನ್ನಡದ ಹೆಸರುಗಳಿಂದ ತೊಂದರೆಯಿಲ್ಲ. ಆದರೆ ಕೆಲವು ಹಳೆಯ ಪ್ಲಗಿನ್‌ಗಳೂ ಬಿಲ್ಡ್ ಸಾಧನಗಳೂ ಇಂಗ್ಲಿಷೇತರ ಅಕ್ಷರಗಳಿರುವ ದಾರಿಯನ್ನು (ಕಡತ ಇರುವ ಫೋಲ್ಡರುಗಳ ಪೂರ್ತಿ ವಿಳಾಸವನ್ನು) ಓದಲಾರದೆ ಎಡವುತ್ತವೆ. ಅದು ನಮ್ಮ ಲಿಪಿಯ ಕೊರತೆಯಲ್ಲ, ಅವುಗಳನ್ನು ಬರೆದವರ ಸಂಕುಚಿತ ದೃಷ್ಟಿ. ಡೆಸ್ಕ್‌ಟಾಪನ್ನು ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹ) ಸಿಂಕ್ ಮಾಡುತ್ತಿದ್ದರೆ ಎಡಿಟರ್ ಓದಬೇಕಾದ ಕಡತಗಳು ಆ ಹೊತ್ತಿಗೆ ಅದರ ಹಿಡಿತದಲ್ಲಿರುವುದೂ ಸಾಧ್ಯ. 260 ಅಕ್ಷರಗಳಿಗಿಂತ ಉದ್ದದ ದಾರಿಗಳನ್ನು ವಿಂಡೋಸ್‌ನ ಅನೇಕ ಸಾಧನಗಳು ಒಪ್ಪುವುದಿಲ್ಲ. ಹೀಗಾಗಿ ಸಿ ಡ್ರೈವಿನಲ್ಲೇ ಚಿಕ್ಕ ಹೆಸರಿನ ಫೋಲ್ಡರೊಂದಕ್ಕೆ ಪ್ರಾಜೆಕ್ಟಿನ ನಕಲನ್ನು ತಂದು ಅಲ್ಲಿಂದ ತೆರೆದು ನೋಡು. ಕನ್ನಡವನ್ನು ಆಟದ ಒಳಗೆ, ಆಡುವವರು ಓದುವ ಮಾತುಗಳಲ್ಲಿ ಧಾರಾಳವಾಗಿ ತುಂಬು.

ಇವೆಲ್ಲವನ್ನೂ ಒಂದೇ ಸಂಜೆ ಒಟ್ಟಿಗೆ ಮಾಡಬೇಡ. ಒಂದನ್ನು ಬದಲಿಸಿ, ತೆರೆದು ನೋಡಿ, ಫಲವನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಇನ್ನೊಂದಕ್ಕೆ ಹೋಗು. ಡ್ರೈವರನ್ನೂ ಲೈಬ್ರರಿಯನ್ನೂ ಆವೃತ್ತಿಯನ್ನೂ ಒಟ್ಟಿಗೆ ಬದಲಿಸಿ ಅದು ತೆರೆದುಕೊಂಡರೆ ಯಾವುದರಿಂದ ಸರಿಹೋಯಿತೆಂಬುದು ನಿನಗೆ ತಿಳಿಯುವುದಿಲ್ಲ, ಮುಂದಿನ ವಾರ ಅದೇ ತೊಂದರೆ ನಿನ್ನ ತಂಡದ ಇನ್ನೊಬ್ಬರಿಗೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಆಗಲೂ ಬಗೆಹರಿಯದಿದ್ದರೆ ಪರದೆಯ ಫೋಟೋ ಬೇಡ, ಲಾಗ್ ಕಡತವನ್ನೇ ಪೂರ್ತಿಯಾಗಿ ನನಗೆ ಇಮೇಲ್ ಮಾಡು. ಜೊತೆಗೆ ಯೂನಿಟಿಯ ಆವೃತ್ತಿ, ಗ್ರಾಫಿಕ್ಸ್ ಚಿಪ್ಪಿನ ಹೆಸರು, ತೊಂದರೆ ಶುರುವಾಗುವ ಮುಂಚಿನ ದಿನ ಏನನ್ನು ಹೊಸದಾಗಿ ಹಾಕಿದ್ದೆ ಎಂಬುದನ್ನು ಬರೆ. ಭಾನುವಾರ ಬೆಳಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ಬಂದುಬಿಡು, ಪೆನ್‌ಡ್ರೈವಿನ ನಕಲನ್ನೂ ಚಾರ್ಜರನ್ನೂ ತಾ. ಇಬ್ಬರೂ ಕೂತು ಆ ಲಾಗನ್ನು ಓದೋಣ.

ಇಂತಿ ನಿನ್ನ ಪ್ರೀತಿಯ ಅತ್ತೆ