ಹೊಸ ಬಾಕ್ಸ್, ರೆಕಾರ್ಡಿಂಗ್ ಮತ್ತು ನಮ್ಮಿಂದಾದ ತಪ್ಪು

ಗದಗ-ಬೆಟಗೇರಿಯ ನಮ್ಮ ಎಲ್ಲ ಕೇಬಲ್ ಗ್ರಾಹಕರಿಗೆ ಸಹಕಾರ ಸಂಘದ ಕಾರ್ಯದರ್ಶಿಯ ನಮಸ್ಕಾರಗಳು.

ಕಳೆದ ತಿಂಗಳಿಂದ ಓಣಿ ಓಣಿಗೆ ಹೋಗಿ ಹೊಸ ಸೆಟ್‌ಟಾಪ್ ಬಾಕ್ಸ್ ಕೂಡಿಸುತ್ತಿದ್ದೇವೆ. ಪೆನ್‌ಡ್ರೈವ್ ಹಾಕಿದರೆ ಈ ಬಾಕ್ಸ್ ಟಿವಿ ಕಾರ್ಯಕ್ರಮವನ್ನು ಅದರಲ್ಲಿ ರೆಕಾರ್ಡ್ ಮಾಡಿಡುತ್ತದೆ. ಅರ್ಧದಷ್ಟು ಮನೆ ಮುಗಿದಿವೆ. ಈ ವಾರದಿಂದ ಕೆಲಸದ ರೀತಿ ಬದಲಿಸಿದ್ದೇವೆ. ಯಾಕೆ ಬದಲಿಸಿದೆವು ಎಂಬುದನ್ನು ಮುಚ್ಚಿಡದೆ ಹೇಳಬೇಕು.

ಬೆಟಗೇರಿಯ ಒಂದು ಮನೆಯಲ್ಲಿ ನಮ್ಮ ಹುಡುಗ ರೆಕಾರ್ಡಿಂಗ್ ತೋರಿಸಲೆಂದು ಟಿವಿ ಪಕ್ಕದಲ್ಲಿದ್ದ ಪೆನ್‌ಡ್ರೈವನ್ನೇ ಬಾಕ್ಸಿಗೆ ಹಾಕಿದ. ಫಾರ್ಮ್ಯಾಟ್ ಮಾಡಬೇಕೇ, ಅಂದರೆ ಇದ್ದದ್ದನ್ನೆಲ್ಲ ಅಳಿಸಬೇಕೇ ಎಂದು ಪರದೆ ಕೇಳಿತು, ಅವನು ಓಕೆ ಒತ್ತಿದ. ಅದರಲ್ಲಿ ಆ ಮನೆಯ ಮಗಳ ಕುಬಸದ (ಸೀಮಂತದ) ಫೋಟೊ ಇದ್ದವು. ಗೊತ್ತಾಗುವಷ್ಟರಲ್ಲಿ ಅದರ ಮೇಲೆಯೇ ಎರಡು ತಾಸಿನ ಕಾರ್ಯಕ್ರಮ ರೆಕಾರ್ಡ್ ಆಗಿತ್ತು. ಬರೀ ಅಳಿಸಿದ್ದರೆ ಬಹಳಷ್ಟು ಮರಳಿ ತೆಗೆಯಬಹುದಿತ್ತು. ಅದೇ ಜಾಗದಲ್ಲಿ ಹೊಸದು ತುಂಬಿದ ಮೇಲೆ ಹಳೆಯದು ಸಿಗುವುದಿಲ್ಲ. ಬಲ್ಲವರ ಹತ್ತಿರ ಒಯ್ದು ತೆಗೆಸಿದೆವು. ಕೆಲವು ಸಿಕ್ಕವು, ಆರತಿ ಮಾಡುವಾಗಿನವು ಸಿಗಲಿಲ್ಲ. ಹತ್ತು ನಿಮಿಷಕ್ಕೊಂದು ಮನೆ ಮುಗಿಸು ಎಂದು ಹುಡುಗನನ್ನು ಓಡಿಸಿದವರು ನಾವು. ತಪ್ಪು ನಮ್ಮದೇ. ಆ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ, ಇಲ್ಲಿ ನಿಮ್ಮೆಲ್ಲರ ಮುಂದೆಯೂ ಕೇಳುತ್ತೇವೆ.

ಇನ್ನು ಮುಂದೆ ಪ್ರತಿ ಬಾಕ್ಸಿನ ಜೊತೆ 32 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದನ್ನು ಸಂಘದ ಖರ್ಚಿನಲ್ಲೇ ಕೊಡುತ್ತೇವೆ. ಈಗಾಗಲೇ ಬಾಕ್ಸ್ ಕೂಡಿಸಿದ ಮನೆಗಳಿಗೂ ಅದು ಬರುತ್ತದೆ. ನಿಮ್ಮ ಮನೆಯ ಬೇರೆ ಯಾವ ಪೆನ್‌ಡ್ರೈವನ್ನೂ ಬಾಕ್ಸಿಗೆ ಹಾಕಬೇಡಿ, ನಮ್ಮ ಹುಡುಗರು ಕೇಳಿದರೂ ಕೊಡಬೇಡಿ. ಕೂಡಿಸಿದ ದಿನ ಚಾನೆಲ್ ಹಚ್ಚುವುದನ್ನಷ್ಟೇ ತೋರಿಸುತ್ತಾರೆ. ವಾರ ಬಿಟ್ಟು ಎರಡನೇ ಸಲ ಬಂದು, ನಿಮ್ಮ ಕೈಯಲ್ಲೇ ರಿಮೋಟ್ ಕೊಟ್ಟು ರೆಕಾರ್ಡಿಂಗ್ ಕಲಿಸುತ್ತಾರೆ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಈ ಖರ್ಚಿನ ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದೆ ಇಡುತ್ತೇವೆ.

ಹಳೆ ಬಾಕ್ಸ್ ಚೆನ್ನಾಗಿಯೇ ಇತ್ತಲ್ಲ ಎಂದು ಬಹಳ ಜನ ಕೇಳಿದ್ದೀರಿ. ಪಟ್ಟಣಗಳ ಕೇಬಲ್ ಡಿಜಿಟಲ್ ಆಗಬೇಕೆಂದು ಸರ್ಕಾರ 2015ರ ಡಿಸೆಂಬರ್ 31ರ ಗಡುವು ಕೊಟ್ಟಾಗ ತಂದ ಬಾಕ್ಸುಗಳು ಅವು. ಅವುಗಳಲ್ಲಿ ಎಚ್‌ಡಿ ಚಾನೆಲ್ ಬರುವುದಿಲ್ಲ, ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ.

ಹೊಸದು ಕೂಡಿಸಿದ ಮರುದಿನ ಹಿರಿಯರೊಬ್ಬರು ಫೋನ್ ಮಾಡಿ, "ತಮ್ಮಾ, ನನ್ನ ಚಂದನ ಎಲ್ಲಿ ಹೋತೋ?" ಎಂದರು. ಎಲ್ಲಿಯೂ ಹೋಗಿಲ್ಲ ಅವ್ವಾರ, ನಂಬರ್ ಬದಲಾಗಿದೆ. ನೀವು ದಿನಾ ನೋಡುವ ಐದಾರು ಚಾನೆಲ್‌ಗಳ ಹೊಸ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡಲು ಹುಡುಗರಿಗೆ ಹೇಳಿದ್ದೇವೆ. ಕೇಳಿ ಬರೆಸಿಕೊಳ್ಳಿ. ಪರದೆ ಕಪ್ಪಾಗಿ 'ಸಿಗ್ನಲ್ ಇಲ್ಲ' ಎಂದು ಬಂದರೆ ಹೆಚ್ಚಿನ ಸಲ ಕೇಬಲ್ ಕೆಟ್ಟಿರುವುದಿಲ್ಲ. ಟಿವಿಯ ರಿಮೋಟಿನಲ್ಲಿ ಸೋರ್ಸ್ ಒತ್ತಿ, ವೈರ್ ಹಾಕಿದ ಎಚ್‌ಡಿಎಂಐ ಆಯ್ದುಕೊಳ್ಳಿ. ಕಣ್ಣು ಮಂಜಾದವರು ರಿಮೋಟಿನ 5ರ ಗುಂಡಿಯ ಮೇಲಿರುವ ಸಣ್ಣ ಉಬ್ಬನ್ನು ಬೆರಳಿಂದ ಹುಡುಕಿ. ಅದು ಸಿಕ್ಕರೆ ಉಳಿದ ಅಂಕಿಗಳು ಅದರ ಸುತ್ತಲೇ ಇವೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತ, ಕಣ್ಣು ಕಾಣದ ನಮ್ಮ ಗ್ರಾಹಕರೊಬ್ಬರು ಇದನ್ನು ನಮ್ಮ ಹುಡುಗನಿಗೇ ಕಲಿಸಿದರು.

ರೆಕಾರ್ಡಿಂಗ್ ವಿಷಯಕ್ಕೆ ಬರುತ್ತೇನೆ, ಈ ಬಾಕ್ಸಿನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಅದೇ. ಬೆಟಗೇರಿಯಲ್ಲಿ ಹಗಲೆಲ್ಲ ಮಗ್ಗದ ಮುಂದೆ ಕೂತವರಿಗೆ ಮಧ್ಯಾಹ್ನದ ಸಂಗೀತ ಕಛೇರಿ ನೋಡುವ ಭಾಗ್ಯ ಇರಲಿಲ್ಲ. ಈಗ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ನೋಡಬಹುದು. ಆದರೆ ಇದಕ್ಕೊಂದು ರೂಢಿ ಬೇಕು. ಮಲಗುವಾಗ ಗೋಡೆಯ ಸ್ವಿಚ್ ಆರಿಸುವುದು ನಮ್ಮೆಲ್ಲರ ಮನೆಯ ಶಿಸ್ತು. ಸ್ವಿಚ್ ಆರಿಸಿದ ಬಾಕ್ಸ್ ಏನನ್ನೂ ರೆಕಾರ್ಡ್ ಮಾಡುವುದಿಲ್ಲ. ಸಮಯ ಹಚ್ಚಿಟ್ಟ ದಿನ ಟಿವಿ ಆರಿಸಿ, ಬಾಕ್ಸನ್ನು ರಿಮೋಟಿನಿಂದ ಮಾತ್ರ ಆರಿಸಿ, ಸ್ವಿಚ್ ಇರಲಿ. ಕರೆಂಟ್ ಹೋದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಬಾಕ್ಸಿನ ಪ್ಲಗ್ಗನ್ನು ಅದರ ಲೈನಿಗೆ ಹಾಕಿಸಿ.

ಕಾರ್ಯಕ್ರಮ ಪಟ್ಟಿಯ ಸಮಯವನ್ನೇ ನಂಬಬೇಡಿ. ಐದು ನಿಮಿಷ ಮುಂಚೆ ಶುರುವಾಗಿ ಕಾಲು ತಾಸು ತಡವಾಗಿ ಮುಗಿಯುವಂತೆ ಹಚ್ಚಿ. ಕ್ರಿಕೆಟ್ ಆದರೆ ಒಂದು ತಾಸು ಹೆಚ್ಚಿಗೆ ಇಡಿ. ಎಚ್‌ಡಿಯಲ್ಲಿ ತಾಸಿಗೆ ಮೂರೂವರೆ ಜಿಬಿಯಷ್ಟು ಜಾಗ ಹಿಡಿಯುವುದರಿಂದ ನಾವು ಕೊಡುವ ಪೆನ್‌ಡ್ರೈವಿನಲ್ಲಿ ಎಂಟು ತಾಸು ಕೂತೀತು, ಸಾಧಾರಣ ಚಾನೆಲ್ ಆದರೆ ಅದರ ಎರಡು-ಮೂರು ಪಟ್ಟು. ನೋಡಿದ್ದನ್ನು ಅಳಿಸುತ್ತ ಹೋಗಿ. ಒಂದು ಚಾನೆಲ್ ರೆಕಾರ್ಡ್ ಆಗುವಾಗ ಇನ್ನೊಂದನ್ನು ನೋಡಲಾಗದು, ಚಾನೆಲ್ ಹಿಡಿಯುವ ಟ್ಯೂನರ್ ಒಳಗೆ ಇರುವುದು ಒಂದೇ. ಅತ್ತೆಯವರ ಧಾರಾವಾಹಿ, ಮೊಮ್ಮಗನ ಮ್ಯಾಚ್ ಒಂದೇ ಹೊತ್ತಿಗೆ ಬಂದರೆ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ.

ರೆಕಾರ್ಡ್ ಆದದ್ದು ನಿಮ್ಮ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ. ಕಂಪ್ಯೂಟರಿನಲ್ಲಾಗಲಿ ನೆರೆಮನೆಯ ಬಾಕ್ಸಿನಲ್ಲಾಗಲಿ ತೆರೆಯುವುದಿಲ್ಲ, ನಕಲು ಆಗದಿರಲೆಂದು ಹಾಗೆ ಬೀಗ ಹಾಕಿರುತ್ತಾರೆ. ಬಾಕ್ಸ್ ಕೆಟ್ಟು ಬದಲಿಸಿದರೆ ಹಳೆ ರೆಕಾರ್ಡಿಂಗ್ ಹೋದಂತೆಯೇ. ಹಾಗಾಗಿ ನಿಮ್ಮ ಮಕ್ಕಳು ಟಿವಿಯಲ್ಲಿ ಹಾಡಿದ್ದೋ ಕುಣಿದದ್ದೋ ಬಂದರೆ ಇದನ್ನೊಂದೇ ನೆಚ್ಚಬೇಡಿ. ಮೊಬೈಲಿನಲ್ಲೂ ಹಿಡಿದಿಟ್ಟುಕೊಳ್ಳಿ.

ಹಳೆ ಬಾಕ್ಸ್, ಅಡಾಪ್ಟರ್, ರಿಮೋಟುಗಳನ್ನು ಕಸದ ಗಾಡಿಗೆ ಹಾಕಬೇಡಿ, ಹುಡುಗರ ಕೈಗೇ ಕೊಡಿ. ಎರಡನೇ ಸಲ ಬರುವ ಮುಂಚೆ ಫೋನ್ ಮಾಡುತ್ತಾರೆ. ಮಗ್ಗ ನಿಲ್ಲಿಸುವ ಹೊತ್ತು ಯಾವುದೆಂದು ಹೇಳಿ, ಆಗಲೇ ಬರುತ್ತಾರೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ