ಆನೆಗೊಂದಿಯಿಂದ ಅಣ್ಣನ ಮಗನಿಗೆ ಒಂದು ಕಾಗದ

ಚಿರಂಜೀವಿಗೆ ಕಾಕಾನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುತ್ತೇನೆ, ಹಳೇ ಮನೆ ರಿಪೇರಿ ಮಾಡಿಸಿ ಹೋಂಸ್ಟೇ ನಡೆಸುತ್ತೇನೆ ಅಂದೆಯಂತೆ. ನಿಮ್ಮಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ನನಗಂತೂ ಖುಷಿಯೇ. ಬೀಗ ಹಾಕಿದ ಮನೆ ಗೆದ್ದಲಿನ ಪಾಲು ಅಲ್ವಾ? ಆದರೆ ಒಂದು ಮಾತು ನಡೆಸಿಕೊಡು. ಒಂದು ಪೂರ್ತಿ ಮಳೆಗಾಲ ಇಲ್ಲಿ ಇದ್ದು ನೋಡು. ಬೋರ್ಡ್ ಬರೆಸೋದು ಆಮೇಲೆ.

ನೀನು ಬರೋದು ದಸರೆಗೆ, ಇಲ್ಲ ಬೇಸಿಗೆ ರಜೆಗೆ. ಆಗ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿರುತ್ತಾಳೆ. ಫೋಟೊಗೆ ಚೆಂದ. ಹೊಸಪೇಟೆಯ ಡ್ಯಾಮ್ ತುಂಬಿ 33 ಗೇಟುಗಳಲ್ಲಿ ಒಂದಷ್ಟು ಎತ್ತಿದರು ಅಂದರೆ ಇಲ್ಲಿನ ಲೆಕ್ಕವೇ ಬೇರೆ. ಹೊಳೆಯೊಳಗಿನ 64 ಕಂಬದ ಮಂಟಪಕ್ಕೆ ನೀರು ಸುತ್ತುತ್ತದೆ. ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವಬೃಂದಾವನದ ನಡುಗಡ್ಡೆಗೆ ದೋಣಿ ಹೋಗೋದು ನಿಲ್ಲುತ್ತದೆ. ಪೂಜೆಗೆ ಅಂತ ದೂರದಿಂದ ಬಂದವರು ದಡದಲ್ಲೇ ನಿಂತು ಕೈ ಮುಗಿದು ವಾಪಸ್ ಹೋಗುತ್ತಾರೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆಗ ದಡದ ಊರುಗಳಲ್ಲಿ ಯಾರಿಗೆ ನಿದ್ದೆ ಬಂದೀತು? ಅಂಥ ದಿನಗಳಲ್ಲಿ ಬುಕಿಂಗ್ ಮಾಡಿದವರಿಗೆ ಏನು ಹೇಳುತ್ತೀಯ, ದುಡ್ಡು ಹೇಗೆ ವಾಪಸ್ ಕೊಡುತ್ತೀಯ, ಅದನ್ನು ಈಗಲೇ ಯೋಚಿಸು.

ಬಂದ ಮೇಲೆ ಮೊದಲು ಅಂಬಿಗರ ಜೊತೆ ಕೂರು. ಹರಿಗೋಲು ಹೆಣೆಯೋದನ್ನು ಹತ್ತಿರದಿಂದ ನೋಡು. ಬಿದಿರಿನ ದಬ್ಬೆಗಳನ್ನು ಅಡ್ಡ ಉದ್ದ ಹೆಣೆದು, ಅಂಚು ಬಗ್ಗಿಸಿ ಕಟ್ಟಿ, ಅಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹಿಂದೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನೇ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ. ಈಗಲೂ ಹಾಗೆಯೇ ಸುತ್ತುತ್ತದೆ. ಟೂರಿಸ್ಟರಿಗೆ ಅದೇ ಮಜಾ, ಬೇಕಂತಲೇ ಜಾಸ್ತಿ ಸುತ್ತಿಸಿ ಅನ್ನುತ್ತಾರೆ. ನೀರಿನಡಿ ಬಂಡೆ ಎಲ್ಲಿದೆ, ಸುಳಿ ಎಲ್ಲಿದೆ ಅನ್ನೋದು ಗೊತ್ತಿರೋದು ಹುಟ್ಟು ಹಿಡಿದವನಿಗೆ ಮಾತ್ರ. ಅವನು ಇವತ್ತು ಬೇಡ ಅಂದರೆ ಬೇಡ. ಎರಡು ಪಟ್ಟು ದುಡ್ಡು ಕೊಡುತ್ತೇವೆ ಅಂದರೂ ಬೇಡ. ಸಣಾಪುರದ ಕಡೆ ಬಂಡೆ ಮೇಲಿಂದ ಜಿಗಿದು ಜೀವ ಕಳೆದುಕೊಂಡವರಿದ್ದಾರೆ. ನಿನ್ನ ಮನೆಗೆ ಬಂದವರನ್ನು ಅತ್ತ ಕರೆದುಕೊಂಡು ಹೋಗಬೇಡ.

ಇನ್ನು ಕಾಗದಪತ್ರ. ನಮ್ಮೂರೂ ಹಂಪಿ ಪರಂಪರೆ ಪ್ರದೇಶದೊಳಗೇ ಬರುತ್ತದೆ, ಪ್ರಾಧಿಕಾರದ ಅನುಮತಿ ಇಲ್ಲದೆ ಒಂದು ಕೋಣೆಯನ್ನೂ ಹೆಚ್ಚಿಗೆ ಎಬ್ಬಿಸಬೇಡ. ಹೊಳೆ ನಡುವಿನ ವಿರೂಪಾಪುರ ಗಡ್ಡೆಯಲ್ಲಿ ಏನಾಯಿತು ನೆನಪಿದೆಯಾ? ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ 2020ರಲ್ಲಿ ಅಕ್ರಮ ರೆಸಾರ್ಟ್‌ಗಳನ್ನೆಲ್ಲ ಕೆಡವಿದರು. ನಮ್ಮೂರಿಂದ ಹಂಪಿ ಕಡೆಗೆ ಹೊಳೆ ದಾಟೋಕೆ ಕಟ್ಟುತ್ತಿದ್ದ ತಳವಾರಘಟ್ಟದ ಸೇತುವೆ ಕತೆಯೂ ಇಂಥದ್ದೇ. ಸೇತುವೆಗಳ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು, ತೆಗೆದದ್ದು 2006ರಲ್ಲಿ. ನಿಂತಿದ್ದ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಕುಸಿಯಿತು. ಕೂಲಿಯವರು ಸತ್ತರು. ಕಣ್ಣಿಗೆ ಕಾಣುವ ಹಂಪಿಗೆ ರಸ್ತೆಯಲ್ಲಿ ಹೋಗಬೇಕಾದರೆ ಈಗಲೂ ಬುಕ್ಕಸಾಗರದ ಕಡೆಯಿಂದ ಬಳಸಬೇಕು. ಸೇತುವೆ ಬೇಕಿತ್ತು ಅನ್ನುವವರು, ಬೇಡವಾಗಿತ್ತು ಅನ್ನುವವರು ಇಬ್ಬರೂ ಊರಲ್ಲಿದ್ದಾರೆ. ನಾನು ಬೇಕಿತ್ತು ಅನ್ನುವ ಪೈಕಿ. ಹೆರಿಗೆ ನೋವು ಬಂದವಳಿಗೆ ಪರಂಪರೆ ಕಟ್ಟಿಕೊಂಡು ಏನಾಗಬೇಕು?

ಬಂದವರಿಗೆ ಊರು ತೋರಿಸುವಾಗ ಕಂಡದ್ದನ್ನು ಕಂಡದ್ದು ಅನ್ನು, ಕೇಳಿದ್ದನ್ನು ಕೇಳಿದ್ದು ಅನ್ನು. 64 ಕಂಬದ ಮಂಟಪ ಕೃಷ್ಣದೇವರಾಯನ ಸಮಾಧಿ ಅಂತ ಜನ ಹೇಳುತ್ತಾರೆ. ನೀನೂ ಹಾಗೆಯೇ, ಜನ ಹೇಳುತ್ತಾರೆ ಅಂತಲೇ ಹೇಳು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದವರಿಗೆ ಹನುಮ ಹುಟ್ಟಿದ್ದು ಇಲ್ಲೇ. 2021ರಲ್ಲಿ ತಿರುಮಲದವರು, ಅಲ್ಲ, ಅವನು ಹುಟ್ಟಿದ್ದು ತಮ್ಮ ಬೆಟ್ಟದಲ್ಲೇ ಅಂದರು. ಅತಿಥಿಗಳ ಜೊತೆ ಆ ಜಗಳಕ್ಕೆ ಇಳಿಯಬೇಡ, ಊಟ ತಣ್ಣಗಾಗುತ್ತದೆ ಅಷ್ಟೇ. ಹುಚ್ಚಪ್ಪಯ್ಯನ ಮಠದಲ್ಲಿ ಲೇತಿನಲ್ಲಿ ಕಡೆದಂತಿರುವ ಕಪ್ಪು ಕಂಬಗಳಿವೆ, ಅಲ್ಲಿ ನಿಧಾನಕ್ಕೆ ನಿಲ್ಲಿಸು. ಎಲ್ಲರೂ ಗಗನ ಮಹಲ್ ನೋಡಿ ಓಡಿಬಿಡುತ್ತಾರೆ. ಹಿರೇಬೆಣಕಲ್ಲಿನ ಮೊರೇರ ಗುಡ್ಡಕ್ಕೆ ನಡೆಯುವ ಶಕ್ತಿ ಇದ್ದವರನ್ನು ಮಾತ್ರ ಕರೆದುಕೊಂಡು ಹೋಗು. ಬಹಳ ಹಳೇ ಕಾಲದ ಸಮಾಧಿಗಳಾದ ನೂರಾರು ಕಲ್ಲುಮನೆಗಳು, ಬಡಿದರೆ ದೊಡ್ಡದಾಗಿ ಸದ್ದು ಮಾಡುವ ನಗಾರಿ ಬಂಡೆ. ಹೊತ್ತು ಮುಳುಗುವ ಮುಂಚೆ ಇಳಿದುಬಿಡಿ, ಚಿರತೆ ಓಡಾಡುವ ಜಾಗ.

ಒಂದು ಕತೆ ಮಾತ್ರ ತಮಾಷೆಗೂ ಹೇಳಬೇಡ: ನಿಧಿಯ ಕತೆ. ಕೇಳುವವರಿಗೆ ಬಾಯಲ್ಲಿ ನೀರೂರುತ್ತದೆ ನಿಜ. ಆದರೆ 2019ರ ಜುಲೈನಲ್ಲಿ ನವಬೃಂದಾವನದ ನಡುಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನು ರಾತ್ರಿ ಅಗೆದು ಕೆಡವಿದ್ದು ಆ ಆಸೆಯಿಂದಲೇ. ಭಕ್ತರು ಓಡಿ ಬಂದು ಬೇಗನೆ ಮತ್ತೆ ಕಟ್ಟಿದರು, ಸರಿ. ಗುಡ್ಡದ ಕಲ್ಲುಮನೆಗಳನ್ನು ಹಾಗೆ ಯಾರು ಕಟ್ಟಿಕೊಡುತ್ತಾರೆ?

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಸಾಕು. ಪಿಜ್ಜಾ ತಿನ್ನೋಕೆ ಇಲ್ಲಿವರೆಗೆ ಯಾರೂ ಬರಬೇಕಿಲ್ಲ. ಬಾಳೆನಾರಿನಿಂದ ಬುಟ್ಟಿ, ಚೀಲ ಮಾಡುವ ಹೆಣ್ಣುಮಕ್ಕಳ ಹತ್ತಿರವೇ ಅತಿಥಿಗಳನ್ನು ಕಳಿಸು, ನಡುವೆ ಕಮಿಷನ್ ಹೊಡೆಯಬೇಡ. ರಂಗನಾಥನ ತೇರು ನಿಲ್ಲುವ ಕಡೆ ಕಾರು ನಿಲ್ಲಿಸಿದರೆ ಮೊದಲು ಬಯ್ಯುವವನು ನಾನೇ.

ರಾಜೀನಾಮೆ ಈಗಲೇ ಕೊಡಬೇಡ. ಮನೆಯಿಂದ ಕೆಲಸ ಮಾಡಲು ಬಿಡುತ್ತಾರಾ ಕೇಳಿ ಜುಲೈ ಹೊತ್ತಿಗೆ ಬಾ. ಮಾಳಿಗೆ ಮೇಲೆ ನೆಟ್‌ವರ್ಕ್ ಚೆನ್ನಾಗಿದೆ. ಪಡಸಾಲೆಯ ಎರಡು ಜಂತೆಗೆ ಗೆದ್ದಲು ಹಿಡಿದಿದೆ. ಬಡಿಗೇರ ಬಂದು ನೋಡಿದ, ಮಳೆ ಮುಗಿಯುವವರೆಗೆ ಮುಟ್ಟೋದು ಬೇಡ ಅಂದ. ಹಾಗಾಗಿ ದುಡ್ಡು ಕಳಿಸಬೇಡ. ಬರುವಾಗ ನಿಮ್ಮ ಕಾಕಿಯ ಮೊಣಕಾಲಿನ ಮಾತ್ರೆ ತಾ, ಚೀಟಿಯ ಫೋಟೊ ಕಳಿಸಿದ್ದೇನೆ.

ಇಂತಿ,
ನಿನ್ನ ಕಾಕಾ