ಗೆಳೆಯಾ, ಆ ಪುಟ್ಟ ಕ್ಯಾನೊಪಿ ಈಗಲೇ ಬೇಡ

ಪ್ರೀತಿಯ ಗೆಳೆಯಾ,

ಸ್ಕೈಡೈವಿಂಗ್‌ನ ಮೊದಲ ಹಂತದ ಎ ಲೈಸೆನ್ಸ್ ಸಿಕ್ಕಿತು ಅಂತ ಓದಿ ಖುಷಿಯಾಯಿತು. ಅದೇ ಪತ್ರದ ಎರಡನೇ ಪುಟ ಓದಿ ಸ್ವಲ್ಪ ತಲೆಬಿಸಿಯೂ ಆಯಿತು. ಬಾಡಿಗೆ ರಿಗ್ (ಪ್ಯಾರಾಚೂಟ್, ಹಾರ್ನೆಸ್ ಎಲ್ಲ ಸೇರಿದ ಬೆನ್ನಿನ ಚೀಲ) ಸಾಕಾಗಿದೆ, ಯಾರೋ 135 ಚದರ ಅಡಿಯ ಕ್ಯಾನೊಪಿ, ಅಂದರೆ ಪ್ಯಾರಾಚೂಟ್‌ನ ಬಟ್ಟೆಯ ರೆಕ್ಕೆ, ಇರುವ ಸೆಕೆಂಡ್ ಹ್ಯಾಂಡ್ ರಿಗ್ ಕೊಡುತ್ತಿದ್ದಾರೆ ಅಂತ ಬರೆದಿದ್ದೀಯ. "ಹೇಗಿದ್ರೂ ಮುಂದೆ ಚಿಕ್ಕದಕ್ಕೆ ಹೋಗ್ಲೇಬೇಕು, ಈಗ್ಲೇ ತಗೊಂಡ್ರೆ ಎರಡು ಸಲ ಖರ್ಚು ಮಾಡೋದು ತಪ್ಪುತ್ತೆ" ಅಂದರಂತೆ. ನಿನಗೇನನ್ನಿಸುತ್ತೆ ಅಂತ ನನ್ನನ್ನು ಕೇಳಿದ್ದೀಯ.

ಬೇಡ. ನನಗನ್ನಿಸುವುದು ಇಷ್ಟೇ. ಯಾಕೆ ಅನ್ನುವುದಕ್ಕೆ ಉಳಿದ ಪತ್ರ. ಮೊದಲ ರಿಗ್ ಕೊಳ್ಳಲು ಹೊರಟವರು ನಿನ್ನ ಹಾಗೆ ಇನ್ನೂ ಸುಮಾರು ಜನ ಇದ್ದಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಬೇಜಾರಿಲ್ಲ ತಾನೇ?

ಮೊದಲು ಲೆಕ್ಕ. ನಿನ್ನ ತೂಕ 72 ಕೆಜಿ. ರಿಗ್, ಹೆಲ್ಮೆಟ್, ಜಂಪ್‌ಸೂಟ್ ಎಲ್ಲ ಸೇರಿದರೆ 85 ಆಗುತ್ತದೆ, ಅಂದರೆ ಸುಮಾರು 187 ಪೌಂಡ್. ನೀನು ಈಗ ಹಾರಿಸುತ್ತಿರುವುದು 190ರ ಕ್ಯಾನೊಪಿ. ಭಾಗಿಸಿದರೆ ಚದರ ಅಡಿಗೆ ಒಂದು ಪೌಂಡಿಗಿಂತ ಒಂಚೂರು ಕಮ್ಮಿ. ಹೊಸಬರು ಒಂದನ್ನು ದಾಟಬಾರದು ಅನ್ನುವುದು ಹೆಚ್ಚುಕಡಿಮೆ ಎಲ್ಲ ಕೋಚ್‌ಗಳ ಮಾತು. ಅದೇ 187ನ್ನು 135ರಿಂದ ಭಾಗಿಸು. 1.39 ಬರುತ್ತದೆ. ಕಾಗದದ ಮೇಲೆ ಇದೇನು ಮಹಾ ಅನ್ನಿಸಬಹುದು. ಗಾಳಿಯಲ್ಲಿ ಮಾತ್ರ ಅದು ಪೂರ್ತಿ ಬೇರೆ ಕ್ಯಾನೊಪಿ. ನೇರ ಹೋಗುವಾಗಲೇ ವೇಗ ಜಾಸ್ತಿ. ತಿರುಗಿಸಿದರೆ ಮೂಗು ಕೆಳಗೆ ಮಾಡಿ ಧುಮುಕುತ್ತದೆ, ಒಂದೇ ತಿರುವಿನಲ್ಲಿ ನೀನು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಎತ್ತರ ತಿಂದುಹಾಕುತ್ತದೆ. ಫ್ಲೇರ್ ಮಾಡುವಾಗ, ಅಂದರೆ ಇಳಿಯುವ ಮುಂಚೆ ಎರಡೂ ಕೈ ಎಳೆದು ವೇಗ ತಗ್ಗಿಸುವಾಗ, ಅರ್ಧ ಸೆಕೆಂಡ್ ತಡವಾದರೆ 190 ನಿನ್ನನ್ನು ಮಂಡಿಯೂರಿಸಿ ಬಿಡುತ್ತದೆ. 135 ಹಾಗೆ ಬಿಡುವುದಿಲ್ಲ.

ಹೊರಗಿನವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಪ್ಯಾರಾಚೂಟ್ ತೆರೀದೇ ಇದ್ರೆ?" ನಿಜಕ್ಕೂ ಹೆದರಬೇಕಾದ್ದು ಅದಕ್ಕಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಸ್ಕೈಡೈವಿಂಗ್‌ನಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. 2023ರಲ್ಲಿ ಅಲ್ಲಿ ಆದ ಜಂಪ್‌ಗಳು 36 ಲಕ್ಷಕ್ಕೂ ಹೆಚ್ಚು, ಸತ್ತವರು 10 ಮಂದಿ. ಸಾಮಾನು ಅಷ್ಟು ಸುಧಾರಿಸಿದೆ. ಈಗ ಸಾಯುವವರಲ್ಲಿ, ಕಾಲು ಸೊಂಟ ಮುರಿದುಕೊಳ್ಳುವವರಲ್ಲಿ ಬಹಳಷ್ಟು ಜನರ ತಲೆ ಮೇಲೆ ಸರಿಯಾಗಿ ತೆರೆದ, ಯಾವ ದೋಷವೂ ಇಲ್ಲದ ಕ್ಯಾನೊಪಿ ಇರುತ್ತದೆ.

ಅದು ಹೇಗೆ ಆಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ನೆಲದ ಮೇಲೆ ನಿಂತು ಇದನ್ನು ನೋಡಿದ್ದೇನೆ. ಇಳಿಯುವವನು ಇನ್ನು 100 ಅಡಿ ಎತ್ತರದಲ್ಲಿದ್ದಾನೆ. ಗಾಳಿಗೆ ಎದುರಾಗಿ ಇಳಿಯಬೇಕು ಅಂತ ಕಲಿತಿದ್ದಾನೆ, ಆದರೆ ಗಾಳಿ ಅಡ್ಡ ಬೀಸುತ್ತಿದೆ ಅಂತ ಆಗ ಗೊತ್ತಾಗುತ್ತದೆ. ಇಲ್ಲವೇ ಎದುರಿಗೆ ಬೇಲಿ ಕಾಣುತ್ತದೆ. ಗಾಬರಿಯಲ್ಲಿ ಒಂದು ಟಾಗಲ್ (ತಿರುಗಿಸಲು ಕೈಯಲ್ಲಿ ಹಿಡಿಯುವ ಹಿಡಿ) ಪೂರ್ತಿ ಎಳೆಯುತ್ತಾನೆ. ಕ್ಯಾನೊಪಿ ವಾಲುತ್ತದೆ, ಅವನ ದೇಹ ಹೊರಕ್ಕೆ ತೂಗುತ್ತದೆ. ಅದು ತಿರುಗಿ ಕ್ಯಾನೊಪಿಯ ಕೆಳಗೆ ಬಂದು ನೇರವಾಗಲು ಸಮಯ ಬೇಕು. ಆ ಸಮಯಕ್ಕೆ ಬೇಕಾದ ಎತ್ತರ ಅವನ ಬಳಿ ಇಲ್ಲ. ಗಾಳಿ ಅಡ್ಡ ಬಂದರೂ, ಹಿಂದಿನಿಂದ ಬಂದರೂ ಪರವಾಗಿಲ್ಲ, ರೆಕ್ಕೆ ಸಮ ಇಟ್ಟುಕೊಂಡು, ಫ್ಲೇರ್ ಮಾಡಿ, ಕಾಲು ಜೋಡಿಸಿ ಉರುಳಿಬಿಟ್ಟಿದ್ದರೆ ಬಟ್ಟೆ ಮಣ್ಣಾಗುತ್ತಿತ್ತು, ಅಷ್ಟೇ.

ಆದ್ದರಿಂದ ನಿನಗೊಂದು ಕೆಲಸ. ದೊಡ್ಡ ಕ್ಯಾನೊಪಿಯಲ್ಲಿ, 3,000 ಅಡಿಯಲ್ಲಿ, ಎರಡೂ ಟಾಗಲ್ ಅರ್ಧ ಎಳೆದುಕೊಂಡು, ಒಂದು ಕೈ ಸ್ವಲ್ಪ ಮೇಲೆ ಬಿಟ್ಟು ತಿರುಗುವುದನ್ನು ಅಭ್ಯಾಸ ಮಾಡು. ಕ್ಯಾನೊಪಿ ಹೆಚ್ಚು ವಾಲದೆ ಚಪ್ಪಟೆಯಾಗಿ ತಿರುಗುತ್ತದೆ. ಪ್ರತಿ ಜಂಪ್‌ನಲ್ಲೂ ಒಂದೆರಡು ಸಲ ಮಾಡು, ಸುಮ್ನೆ ಸುತ್ತು ಹೊಡೆಯುತ್ತಾ ದೃಶ್ಯ ನೋಡಿಕೊಂಡು ಬರಬೇಡ. ಕೆಳಗೆ ಗಾಬರಿಯಾದಾಗ ತಲೆ ಓಡುವುದಿಲ್ಲ, ಕೈಗೆ ರೂಢಿಯಾದದ್ದೇ ಬರುತ್ತದೆ. 190ರಲ್ಲಿ ಎಲ್ಲಿ ಬೇಕೋ ಅಲ್ಲಿ, ಯಾವ ಗಾಳಿಯಲ್ಲಾದರೂ, ನಿಂತುಕೊಂಡು ಇಳಿಯಲು ಬಂದ ಮೇಲೆ 170ಕ್ಕೆ ಬಾ. ಅದೂ ಕೋಚ್ ನಿನ್ನ ಲ್ಯಾಂಡಿಂಗ್ ನೋಡಿ ಹೂಂ ಅಂದ ಮೇಲೆ. 135 ಎಂದಾದರೂ ಬಂದೀತು, ಬರದೇ ಇದ್ದರೂ ಏನೂ ನಷ್ಟವಿಲ್ಲ.

ಸಾಮಾನು ಸುಧಾರಿಸಿದೆ ಅಂದೆನಲ್ಲ, ಅದರ ಋಣ ನನ್ನ ಮೇಲೂ ಇದೆ. ನನ್ನ ಮೇನ್, ಅಂದರೆ ಮುಖ್ಯ ಪ್ಯಾರಾಚೂಟ್, ಕೈಕೊಟ್ಟ ದಿನದ ಬಗ್ಗೆ ನೀನು ಯಾವಾಗಲೂ ಕೇಳುತ್ತಿದ್ದೆ, ನಾನು ಪೂರ್ತಿ ಹೇಳಿರಲಿಲ್ಲ. 4,000 ಅಡಿಯಲ್ಲಿ ಪೈಲಟ್ ಚೂಟ್, ಮೇನ್ ಅನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟ್, ಎಸೆದೆ. ಕ್ಯಾನೊಪಿ ಹೊರಗೆ ಬಂತು, ಆದರೆ ಒಂದು ಲೈನ್ (ಕ್ಯಾನೊಪಿಯ ದಾರ) ಅದರ ಮೇಲಿಂದ ಹಾದು ಒಂದು ಬದಿಯನ್ನು ಕಟ್ಟಿಹಾಕಿತ್ತು. ಲೈನ್‌ಓವರ್. ಏನು ಅಂತ ಅರ್ಥವಾಗುವಷ್ಟರಲ್ಲಿ ತಿರುಗಲು ಶುರುವಾಯಿತು. ಎರಡನೇ ಸುತ್ತಿಗೆ ನನ್ನ ಕಾಲು ಹೊರಕ್ಕೆ ಚಿಮ್ಮಿತ್ತು. ಬಲಗೈ ತಾನಾಗಿ ಎದೆಯ ಬಲಬದಿಗೆ ಹೋಯಿತು. ಮೇನ್ ಅನ್ನು ಕಳಚುವ ಕೆಂಪು ಹ್ಯಾಂಡಲ್ ಅಲ್ಲಿರಲಿಲ್ಲ! ಮೇಲಿನ ಎಳೆತಕ್ಕೆ ಹಾರ್ನೆಸ್ ಜಗ್ಗಿ, ಹ್ಯಾಂಡಲ್ ನಾಲ್ಕು ಬೆರಳು ಮೇಲಕ್ಕೆ ಸರಿದಿತ್ತು. ತಲೆ ಬಗ್ಗಿಸಿ ನೋಡಿದೆ, ಕಂಡಿತು, ಹಿಡಿದೆ. ವೆಲ್ಕ್ರೋ ಬಿಡಿಸಿ ತೋಳು ಚಾಚುವವರೆಗೆ ಎಳೆದೆ. ಒಮ್ಮೆಲೇ ಎಲ್ಲ ಎಳೆತ ನಿಂತುಹೋಯಿತು. ಕಳಚಿ ಹೋಗುವ ಮೇನ್‌ಗೆ ಕಟ್ಟಿದ ಆರ್‌ಎಸ್‌ಎಲ್ ಪಟ್ಟಿ ಆಗಲೇ ರಿಸರ್ವ್‌ನ, ಅಂದರೆ ತುರ್ತಿಗಿರುವ ಎರಡನೇ ಪ್ಯಾರಾಚೂಟ್‌ನ, ಪಿನ್ ಕಿತ್ತಿತ್ತು, ಆದರೂ ರಿಸರ್ವ್ ತೆರೆಯುವ ಎಡಗಡೆಯ ಬೆಳ್ಳಿ ಹ್ಯಾಂಡಲ್ ಎಳೆದೆ. ಕಲಿಸಿದ್ದೇ ಹಾಗೆ. ಮೇಲೆ ನೋಡಿದರೆ ರಿಸರ್ವ್ ತುಂಬಿಕೊಂಡಿತ್ತು, ಬಟ್ಟೆಯ ಮೇಲೆ ಮಡಿಕೆಯ ಗೆರೆಗಳು ಹಾಗೇ ಇದ್ದವು. ಆಲ್ಟಿಮೀಟರ್ 2,600 ತೋರಿಸುತ್ತಿತ್ತು.

ನೆಲದ ಮೇಲೆ ಹಾರ್ನೆಸ್‌ನಲ್ಲಿ ನೇತುಹಾಕಿ ಅಭ್ಯಾಸ ಮಾಡಿಸುವಾಗ "ನೋಡು, ಹಿಡಿ, ಎಳೆ" ಅಂತ ನೋಡುವುದನ್ನೇ ಮೊದಲು ಹೇಳುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಹ್ಯಾಂಡಲ್ ನೆಲದ ಮೇಲೆ ಇದ್ದ ಜಾಗದಲ್ಲೇ ಇರುತ್ತದೆ ಅಂತ ನಂಬಬೇಡ. ಇನ್ನೊಂದು ಮಾತು: ಆಗ ನನ್ನ ಮೇಲಿದ್ದದ್ದು ದೊಡ್ಡ ಕ್ಯಾನೊಪಿ, ಅದಕ್ಕೇ ತಿರುಗುವ ವೇಗ ತಡೆಯುವಷ್ಟಿತ್ತು, ಯೋಚಿಸಲು ಬಿಡುವಿತ್ತು. ಭಾರ ಜಾಸ್ತಿ ಇರುವ ಚಿಕ್ಕ ಕ್ಯಾನೊಪಿಯಲ್ಲಿ ಬರೀ ಲೈನ್ ಟ್ವಿಸ್ಟ್ ಆದರೂ, ಅಂದರೆ ಲೈನ್‌ಗಳು ಸುತ್ತಿಕೊಂಡರೂ, ಬುಗುರಿಯ ಹಾಗೆ ತಿರುಗಿಸಿ ಕೈ ಎತ್ತಲು ಬಿಡುವುದಿಲ್ಲ.

ಆ ಕೆಂಪು ಹ್ಯಾಂಡಲ್ ಎಳೆದಾಗ ಹೆಗಲ ಮೇಲೆ ಬಿಚ್ಚಿಕೊಂಡದ್ದು ಮೂರು ಉಂಗುರ. 1970ರ ದಶಕದಲ್ಲಿ ಬಿಲ್ ಬೂತ್ ಕಂಡುಹಿಡಿದದ್ದು. ದೊಡ್ಡ ಉಂಗುರ ಹಾರ್ನೆಸ್‌ಗೆ ಹೊಲಿದಿರುತ್ತದೆ, ಅದರೊಳಗೆ ಮಧ್ಯದ್ದು, ಅದರೊಳಗೆ ಚಿಕ್ಕದ್ದು, ಚಿಕ್ಕದರ ಮೇಲೆ ಒಂದು ಬಿಳಿ ಲೂಪ್, ಲೂಪ್‌ನಲ್ಲಿ ಹಳದಿ ಕೇಬಲ್. ಒಂದೊಂದು ಉಂಗುರ ದಾಟುತ್ತಾ ಭಾರ ಕಮ್ಮಿಯಾಗುತ್ತಾ ಬರುತ್ತದೆ, ಕೊನೆಗೆ ಆ ಪುಟ್ಟ ಲೂಪ್ ಹೊರಬೇಕಾದ್ದು ತೀರಾ ಸ್ವಲ್ಪ. ಅದಕ್ಕೇ ಒಂದೇ ಕೈಯ ಎಳೆತಕ್ಕೆ ಎರಡೂ ಹೆಗಲು ಬಿಡುತ್ತವೆ. ಅದಕ್ಕೂ ಮುಂಚೆ ಎರಡು ಹೆಗಲ ಲೋಹದ ಚಿಲಕಗಳನ್ನು ಬೇರೆಬೇರೆಯಾಗಿ ಬಿಚ್ಚಬೇಕಿತ್ತು, ತಿರುಗುತ್ತಾ ಬೀಳುವಾಗ! ಇಷ್ಟು ಒಳ್ಳೆಯ ವ್ಯವಸ್ಥೆಯನ್ನೂ ಜನ ವರ್ಷಗಟ್ಟಲೆ ಮುಟ್ಟದೆ ಬಿಡುತ್ತಾರೆ. ತಿಂಗಳಿಗೊಮ್ಮೆ ಬಿಚ್ಚು, ಕೇಬಲ್ ಒರೆಸು, ಉಂಗುರ ಕೂರುವ ಜಾಗದಲ್ಲಿ ರೈಸರ್ ಪಟ್ಟಿಯನ್ನು (ಹೆಗಲಿನಿಂದ ಲೈನ್‌ಗಳಿಗೆ ಹೋಗುವುದು) ಹಿಂದೆ ಮುಂದೆ ಬಗ್ಗಿಸಿ ಮೆತ್ತಗೆ ಮಾಡು. ಹತ್ತು ನಿಮಿಷದ ಕೆಲಸ.

ಎಎಡಿ, ಅಂದರೆ ನೀನು ಎಳೆಯದಿದ್ದರೂ ತಾನಾಗಿ ರಿಸರ್ವ್ ತೆರೆಯುವ ಯಂತ್ರ, ಅದರ ಬಗ್ಗೆಯೂ ಕೇಳಿದ್ದೀಯ. ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 1991ರಲ್ಲಿ ಜರ್ಮನಿಯಿಂದ ಸೈಪ್ರೆಸ್ ಅನ್ನುವ ಎಎಡಿ ಬಂದ ಮೇಲೆ ಎಷ್ಟು ಜನ ಮನೆಗೆ ಹೋಗಿ ಊಟ ಮಾಡಿದ್ದಾರೋ. ಆದರೆ ಅದು ಏನು ಮಾಡುತ್ತದೆ ಅಂತ ಸರಿಯಾಗಿ ತಿಳಿದುಕೋ. ಲೈಸೆನ್ಸ್ ಇರುವವರ ಮಾದರಿ ಸುಮಾರು 750 ಅಡಿಯಲ್ಲಿ, ನೀನು ಇನ್ನೂ ಸೆಕೆಂಡಿಗೆ 35 ಮೀಟರ್‌ಗಿಂತ ವೇಗವಾಗಿ ಬೀಳುತ್ತಿದ್ದರೆ ಮಾತ್ರ, ರಿಸರ್ವ್‌ನ ಲೂಪ್ ಕತ್ತರಿಸುತ್ತದೆ. ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ 200 ಕಿಮೀ ಹತ್ತಿರ. ಆ ವೇಗದಲ್ಲಿ 750 ಅಡಿ ಅಂದರೆ ನೆಲಕ್ಕೆ ನಾಲ್ಕು ಸೆಕೆಂಡ್. ಅರ್ಧ ತೆರೆದ ಮೇನ್ ಕೆಳಗೆ ನೀನು 30 ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ ಅದು ಸುಮ್ಮನಿರುತ್ತದೆ. ಮೇನ್ ಅನ್ನು ಕಳಚುವ ಕೆಲಸವಂತೂ ಅದರದ್ದಲ್ಲವೇ ಅಲ್ಲ. ಆ ನಿರ್ಧಾರ ನಿನ್ನದೇ, ಅದೂ ನಿನ್ನ ಲೈಸೆನ್ಸಿಗೆ 2,500 ಅಡಿಗಿಂತ ಕೆಳಗೆ ಇಳಿಯುವ ಮುಂಚೆ. ಅಲ್ಲಿಗೆ ಬಂದಾಗಲೂ ಕ್ಯಾನೊಪಿ ನಿನ್ನ ಮಾತು ಕೇಳುತ್ತಿಲ್ಲವೆಂದರೆ ಕಳಚು. ಇನ್ನೊಂದು ಸಲ ಸರಿಮಾಡಿ ನೋಡೋಣ ಅನ್ನುವುದು ಬೇಡ. ಮತ್ತೆ, ಎಎಡಿಯನ್ನು ಹಾರುವ ಮೈದಾನದಲ್ಲೇ ಆನ್ ಮಾಡು. ಅದು ಆ ನೆಲವನ್ನೇ ಸೊನ್ನೆ ಅಂತ ಲೆಕ್ಕ ಹಿಡಿಯುತ್ತದೆ, ಮನೆಯಲ್ಲಿ ಆನ್ ಮಾಡಿಕೊಂಡು ಬಂದರೆ ಲೆಕ್ಕ ತಪ್ಪುತ್ತದೆ.

ಇನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ವಿಷಯ. ನಾನೂ ಹಳೆಯದನ್ನೇ ಕೊಂಡು ಹಾರಿದವನು, ಅದರಲ್ಲಿ ತಪ್ಪಿಲ್ಲ. ಆದರೆ ಹಣ ಕೊಡುವ ಮುಂಚೆ ನಿನಗೆ ಗೊತ್ತಿರುವ ರಿಗ್ಗರ್ (ರಿಗ್ ಪರೀಕ್ಷಿಸಿ ರಿಪೇರಿ ಮಾಡುವವರು) ಒಬ್ಬರು ಅದನ್ನು ಪೂರ್ತಿ ಬಿಚ್ಚಿ ನೋಡಬೇಕು. ಮಾರುವವರ ರಿಗ್ಗರ್ ಅಲ್ಲ, ನಿನ್ನ ರಿಗ್ಗರ್. ಬಟ್ಟೆ ಹೊಳೆಯುತ್ತಿದೆ ಅಂತ ಮರುಳಾಗಬೇಡ, ಲೈನ್ ನೋಡು. ಸ್ಪೆಕ್ಟ್ರಾ ಅನ್ನುವ ದಾರದ ಲೈನ್ ಆದರೆ ಪ್ರತಿ ಸಲ ಸ್ಲೈಡರ್ (ತೆರೆಯುವುದನ್ನು ನಿಧಾನ ಮಾಡುವ ಚೌಕ ಬಟ್ಟೆ) ಉಜ್ಜಿಕೊಂಡು ಇಳಿಯುವ ಬಿಸಿಗೆ ಕುಗ್ಗುತ್ತಾ ಹೋಗುತ್ತದೆ. ಟಾಗಲ್‌ಗೆ ಕಟ್ಟಿದ ಸ್ಟಿಯರಿಂಗ್ ಲೈನ್‌ಗಳೇ ಹೆಚ್ಚು ಕುಗ್ಗುವುದು. ಆಗ ಟಾಗಲ್ ಪೂರ್ತಿ ಮೇಲೆ ಬಿಟ್ಟರೂ ಬ್ರೇಕ್ ಸ್ವಲ್ಪ ಹಿಡಿದೇ ಇರುತ್ತದೆ, ಫ್ಲೇರ್‌ಗೆ ಬಲ ಸಾಲುವುದಿಲ್ಲ. ಹೊಸ ಲೈನ್ ಹಾಕಿಸುವ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡು. ಎಎಡಿಗೂ ಆಯಸ್ಸು ಇರುತ್ತದೆ, ತಯಾರಾದ ತಿಂಗಳು ಕೇಳು. ರಿಸರ್ವ್ ಎಷ್ಟು ದೊಡ್ಡದು ಅಂತ ಯಾರೂ ಕೇಳುವುದೇ ಇಲ್ಲ! ರಿಸರ್ವ್‌ನಲ್ಲಿ ಇಳಿಯುವ ದಿನ ನಿನಗೆ ಪ್ರಜ್ಞೆ ಇಲ್ಲದೇ ಇರಬಹುದು, ಇಳಿಯುವ ಜಾಗ ಗುರುತಿಲ್ಲದ್ದಿರಬಹುದು. ಅದಕ್ಕೇ ಮೇನ್‌ಗಿಂತ ಚಿಕ್ಕ ರಿಸರ್ವ್ ಅಂದರೆ ನನಗೆ ಆಗುವುದಿಲ್ಲ. 135ರ ಮೇನ್‌ಗೆ ಹೊಲಿದ ಕಂಟೇನರ್‌ನಲ್ಲಿ, ಅಂದರೆ ಬೆನ್ನಿನ ಚೀಲದಲ್ಲಿ, ದೊಡ್ಡ ರಿಸರ್ವ್ ಹಿಡಿಯುವುದೂ ಇಲ್ಲ, ಆ ರಿಗ್ ಬೇಡ ಅನ್ನಲು ಇದೂ ಒಂದು ಕಾರಣ. ಹಾರ್ನೆಸ್ ನಿನ್ನ ಮೈಗೆ ಸರಿಹೊಂದಬೇಕು, ಹೆಗಲಲ್ಲಿ ಸಡಿಲ ಇರಬಾರದು. ಹೆಲ್ಮೆಟ್, ಆಲ್ಟಿಮೀಟರ್ ನಿನಗಿಷ್ಟ ಬಂದದ್ದು ತಗೋ. ಕಿವಿಯಲ್ಲಿ ಕೂಗುವ ಆಲ್ಟಿಮೀಟರ್ ಒಳ್ಳೆಯದೇ, ಆದರೆ ಕೈಯದ್ದನ್ನು ನೋಡುವ ಅಭ್ಯಾಸ ಬಿಡಬೇಡ. ಕ್ಯಾಮೆರಾ 200 ಜಂಪ್ ಆಗುವವರೆಗೆ ಬೇಡ, ಅದರ ಬಗ್ಗೆ ವಾದವೂ ಬೇಡ.

ಮೇನ್ ಅನ್ನು ನೀನೇ ಮಡಚಬಹುದು. ಹೊಸ ಜೀರೋ ಪೊರಾಸಿಟಿ (ಗಾಳಿ ತೂರದ) ಬಟ್ಟೆಯಾದರೆ ಮೊದಲ ವಾರ ಅಳು ಬರುತ್ತದೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಜಾರುತ್ತದೆ. ಅದರ ಮೇಲೆ ಬಿದ್ದು ಗಾಳಿ ತೆಗೆಯಬೇಕು. ಬೆವರಿಳಿಯುವಾಗ ಎಲ್ಲರಿಗೂ ಮರೆಯುವುದು ಒಂದೇ: ಪೈಲಟ್ ಚೂಟ್ ಕಾಕ್ ಮಾಡುವುದು, ಅಂದರೆ ಅದರೊಳಗಿನ ದಾರ ಎಳೆದು ಗಾಳಿ ಹಿಡಿಯಲು ಸಿದ್ಧ ಮಾಡುವುದು. ಪೈಲಟ್ ಚೂಟನ್ನು ಮೇನ್‌ಗೆ ಜೋಡಿಸುವ ಬ್ರೈಡಲ್ ಪಟ್ಟಿಯಲ್ಲಿ ಒಂದು ಪುಟ್ಟ ಕಿಟಕಿ ಇರುತ್ತದಲ್ಲ, ಅದರಲ್ಲಿ ಬಣ್ಣ ಕಾಣದಿದ್ದರೆ ಪೈಲಟ್ ಚೂಟ್‌ಗೆ ಗಾಳಿ ಹಿಡಿಯುವ ಶಕ್ತಿಯೇ ಇರುವುದಿಲ್ಲ, ನಿನ್ನ ಹಿಂದೆ ಬಾಲದಂತೆ ಎಳೆದುಕೊಂಡು ಬರುತ್ತದೆ. ಕಂಟೇನರ್ ಮುಚ್ಚುವ ಲೂಪ್ ಸವೆದು ಎಳೆ ಬಿಟ್ಟಿದ್ದರೆ ಆಗಲೇ ಬದಲಿಸು. ಲೂಪ್ ಸಡಿಲ ಇದ್ದರೆ ಪಿನ್ ಬಾಗಿಲ ಬಳಿಯೇ ಜಾರಬಹುದು. ವಿಮಾನದ ಬಾಗಿಲಲ್ಲಿ ಕ್ಯಾನೊಪಿ ತೆರೆದುಕೊಂಡರೆ ಬಾಲದ ರೆಕ್ಕೆಗೆ ಸಿಕ್ಕಿ ಎಲ್ಲರಿಗೂ ಅಪಾಯ. ಅದಕ್ಕೇ ಹತ್ತುವ ಮುಂಚೆ ಒಂದು ಸಲ, ಬಾಗಿಲು ತೆಗೆಯುವ ಮುಂಚೆ ಇನ್ನೊಂದು ಸಲ ಪಕ್ಕದವರಿಂದ ಪಿನ್ ನೋಡಿಸು. ಎದೆಪಟ್ಟಿ, ಎರಡು ಕಾಲಪಟ್ಟಿ, ಮೂರು ಹ್ಯಾಂಡಲ್ (ಪೈಲಟ್ ಚೂಟ್‌ನದ್ದು, ಕೆಂಪು, ಬೆಳ್ಳಿ) ನೀನೇ ಮುಟ್ಟಿ ನೋಡು. ಸಾವಿರಾರು ಜಂಪ್ ಮಾಡಿದವರೂ ಎದೆಪಟ್ಟಿ ಹಾಕದೆ ವಿಮಾನ ಹತ್ತಿದ್ದನ್ನು ಕಂಡಿದ್ದೇನೆ. ಯಾರೋ ನೋಡಿ ಹೇಳಿದರು, ಉಳಿದರು. ಅಂಥಲ್ಲಿ ದೊಡ್ಡವರಿಗೆ ಹೇಗಪ್ಪಾ ಹೇಳೋದು ಅಂತ ಸಂಕೋಚ ಮಾಡಬೇಡ.

ಭಯ ಇನ್ನೂ ಹೋಗಿಲ್ಲ ಅಂತ ಬರೆದಿದ್ದೀಯ. ನನಗೂ ವಿಮಾನ ಮೇಲೇರುವಾಗ ಹೊಟ್ಟೆಯಲ್ಲಿ ಸ್ವಲ್ಪ ಆಗುತ್ತದೆ, ಬಾಗಿಲು ದಾಟಿದ ಮೇಲೆ ಹೋಗುತ್ತದೆ. ಅದನ್ನು ಯಾರಿಗೂ ತೋರಿಸಬಾರದು ಅಂತ ಏನಿಲ್ಲ. ಗಾಳಿ ಜಾಸ್ತಿ ಅನ್ನಿಸಿದ ದಿನ ನೆಲದ ಮೇಲೇ ಇರು, ಬೇರೆಯವರು ಹಾರುತ್ತಿದ್ದರೂ ಸರಿ. ಹತ್ತಿ ಕೂತ ಮೇಲೂ ಮನಸ್ಸು ಬದಲಾದರೆ ವಿಮಾನದಲ್ಲೇ ವಾಪಸ್ ಇಳಿ. ನಾನು ಇಳಿದಿದ್ದೇನೆ, ಯಾರೂ ಏನೂ ಅನ್ನಲಿಲ್ಲ.

ಈಗ ಮಾರುವವರಿಗೆ ಬೇಡ ಅಂತ ಹೇಳಿಬಿಡು. ಬೇರೆ ಯಾವುದಾದರೂ 190 ಇಲ್ಲವೇ 200ರ ರಿಗ್ ಕಂಡರೆ ಅದರ ರಿಸರ್ವ್ ಪ್ಯಾಕಿಂಗ್ ಕಾರ್ಡ್, ಎಎಡಿ ತಯಾರಾದ ತಿಂಗಳು, ಸ್ಟಿಯರಿಂಗ್ ಲೈನ್‌ನ ಹತ್ತಿರದ ಫೋಟೋ ಇವಿಷ್ಟು ಕಳಿಸು. ಕ್ಯಾನೊಪಿ ಯಾವ ಬಣ್ಣ ಅಂತ ಆಮೇಲೆ ನೋಡೋಣ.

ಇತಿ,
ನಿನ್ನ ಗೆಳೆಯ